ಬ್ಯಾಟರಿ ಹಿಡಿದು ನಮ್ಮ ಕಾಲು ಎಣಿಸುತ್ತಿದ್ದ ಅಪ್ಪ

"90ರ ಹತ್ತಿರ ಬದುಕಿದ ಅಪ್ಪ ಹೋಗಿ ವರ್ಷವಾಗುತ್ತಿದೆ. ವರ್ಷದ ಪೂಜೆಯ ದಿನ ಮೊಮ್ಮಕ್ಕಳ ಮುಂದೆ ಅವರ ಬಗ್ಗೆ ನಾಲ್ಕು ಮಾತು ಹೇಳಬೇಕು. ಎಷ್ಟು ಯೋಚಿಸಿದರೂ ಹೇಳಿಕೊಳ್ಳುವಂಥ ಸಾಧನೆ ಸಿಗುತ್ತಿಲ್ಲ" ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ನಮ್ಮಪ್ಪ 2025ರ ಜನವರಿಯಲ್ಲಿ ತೀರಿಕೊಂಡಾಗ ನಾನೂ ಹೀಗೇ ಮಾತು ಸಿಗದೆ ಕೂತಿದ್ದೆ. ಆಮೇಲೆ ಏನು ಹೇಳಿದೆ ಅನ್ನೋದನ್ನು ಬರೆಯುತ್ತೇನೆ. ನಿಮಗೆ ಏನಾದರೂ ಉಪಯೋಗವಾಗಬಹುದು.

ನಮ್ಮದು ರಾಯಚೂರು ಜಿಲ್ಲೆ, ಸಿಂಧನೂರು ತಾಲೂಕು. ಅಪ್ಪ ತುಂಗಭದ್ರಾ ಎಡದಂಡೆ ಕಾಲುವೆಯ ಗ್ಯಾಂಗ್‌ಮನ್, ಅಂದರೆ ಕಾಲುವೆ ಕಾಯುವ ನೌಕರ ಆಗಿದ್ದರು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೇರೆ ಕಡೆಯವರಿಗೆ ಹೇಳುತ್ತೇನೆ. ಈ ಕಾಲುವೆ ಮಾಡಿದ್ದು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ. ನೀರು ಬಂದ ಮೇಲೆ ಮೇಲ್ಭಾಗದಲ್ಲಿ ಎಲ್ಲಿ ನೋಡಿದರೂ ಭತ್ತ ಆಯಿತು. ಮೇಲಿನವರು ಎಳೆದುಕೊಂಡಷ್ಟೂ ಕೊನೆಭಾಗದವರಿಗೆ ಕಡಿಮೆ ಬೀಳುತ್ತದೆ. ಮಾನ್ವಿ, ಸಿರವಾರ ಕಡೆಯ ರೈತರು ಇವತ್ತಿಗೂ ಗೇಜ್ (ಕಾಲುವೆಯ ನೀರಿನ ಮಟ್ಟ) ಕಾಪಾಡಿ ಅಂತ ರಸ್ತೆಗೆ ಇಳಿಯುತ್ತಾರೆ. ಬೇಸಿಗೆ ಬೆಳೆಯ ದಿನಗಳಲ್ಲಿ ರಾತ್ರೋರಾತ್ರಿ ತೂಬು ಎತ್ತುವುದು, ಕಾಲುವೆಗೆ ಪೈಪ್ ಇಳಿಸುವುದು ನಡೆಯುತ್ತಿತ್ತು. ಅದಕ್ಕೇ ಅಪ್ಪನ ಕೆಲಸ ಜಾಸ್ತಿ ರಾತ್ರಿಯಲ್ಲೇ. ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಕೋಲು, ಹೆಗಲ ಮೇಲೆ ಟವೆಲ್. ಏರಿ ಮೇಲೆ ಮೈಲುಗಟ್ಟಲೆ ನಡಿಗೆ.

ನಸುಕಿನಲ್ಲಿ ಮನೆಗೆ ಬಂದವರು ಮೊದಲು ನೀರು ಕುಡಿಯುತ್ತಿರಲಿಲ್ಲ, ಕೂರುತ್ತಿರಲಿಲ್ಲ. ನಾವು ಐದು ಮಕ್ಕಳು ಎರಡು ಕೌದಿಯಲ್ಲಿ ಮಲಗುತ್ತಿದ್ದೆವು. ಸೊಳ್ಳೆಗೆ ಹೆದರಿ ಮುಖದ ತನಕ ಎಳೆದುಕೊಂಡರೆ ಕಾಲುಗಳು ಹೊರಗೆ. ಅಪ್ಪ ಬ್ಯಾಟರಿಗೆ ಅಂಗೈ ಅಡ್ಡ ಹಿಡಿದು, ಬೆರಳ ಸಂದಿಯಿಂದ ಬೀಳುವ ಕೆಂಪು ಬೆಳಕಿನಲ್ಲಿ ಕಾಲು ಎಣಿಸುತ್ತಿದ್ದರು. ಹತ್ತು ಸಿಕ್ಕ ಮೇಲೆ ಕೌದಿ ಎಳೆದು ಹೊದಿಸಿ ಹೋಗುತ್ತಿದ್ದರು. ನಾನು ಎಷ್ಟೋ ಸಲ ಎಚ್ಚರವಾಗಿದ್ದೂ ಮಲಗಿದಂತೆ ಇರುತ್ತಿದ್ದೆ. ಅವರ ಕೈಗೆ ಕಾಲುವೆಯ ಹಸಿ ಮಣ್ಣಿನ ವಾಸನೆ ಇರುತ್ತಿತ್ತು. ಒಂದು ರಾತ್ರಿ ಎಂಟೇ ಕಾಲು ಸಿಕ್ಕವು. ತಮ್ಮ ಹೇಳದೆ ಕೇಳದೆ ಪಕ್ಕದ ಓಣಿಯ ಗೆಳೆಯನ ಮನೆಯಲ್ಲಿ ಮಲಗಿಬಿಟ್ಟಿದ್ದ. ಅಪ್ಪ ಅಷ್ಟು ಹೊತ್ತಿನಲ್ಲಿ ಊರಿನ ಬಾವಿಗಳಿಗೆಲ್ಲ ಬ್ಯಾಟರಿ ಬಿಟ್ಟು ನೋಡಿ ಬಂದಿದ್ದರು. ಸಿಕ್ಕ ಮೇಲೆ ಬೈಯಲಿಲ್ಲ. ಅವನನ್ನು ಎತ್ತಿಕೊಂಡು ಬಂದು ಹೊಸ್ತಿಲ ಮೇಲೆ ಕೂತರು, ಬೆಳಗಾಗುವ ತನಕ ಏಳಲಿಲ್ಲ.

ಮೊಮ್ಮಕ್ಕಳಿಗೆ ನಾನು ಮೊದಲು ಹೇಳಿದ್ದು ಇದನ್ನೇ.

ಅವರ ಹುಟ್ಟಿದ ತಾರೀಖು ಯಾರಿಗೂ ಗೊತ್ತಿರಲಿಲ್ಲ. ಸರ್ವಿಸ್ ಬುಕ್ಕಿನಲ್ಲಿ 1936ರ ಜೂನ್ 1 ಅಂತ ಇತ್ತು, ಅದೂ ಅಂದಾಜು. ಹುಟ್ಟಿದ್ದು ನಿಜಾಮರ ಆಳ್ವಿಕೆಯಲ್ಲಿ. ಎರಡು ವರ್ಷ ಶಾಲೆಗೆ ಹೋಗಿ ಕಲಿತದ್ದು ಉರ್ದು. ಕನ್ನಡ ಅಕ್ಷರ ತಿದ್ದಿದ್ದು ಮೀಸೆ ಬಂದ ಮೇಲೆ. ರಜಾಕಾರರ ಗಲಾಟೆಯಲ್ಲಿ ಅವರ ಅವ್ವ ಹರಿಗೋಲು ಹತ್ತಿಸಿ, ಹೊಳೆ ದಾಟಿ ಸಿರುಗುಪ್ಪ ಕಡೆಗೆ ಕರೆದುಕೊಂಡು ಹೋಗಿದ್ದರಂತೆ. ಆ ದಂಡೆ ಆಗ ಮದ್ರಾಸ್ ಸರ್ಕಾರದ್ದು. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮರ ಆಳ್ವಿಕೆ ಮುಗಿದ ಮೇಲೆ ತಿರುಗಿ ಬಂದರು. ಮುಂದೆ ಕಾಲುವೆ ಅಗೆಯುವಾಗ ಅವ್ವ ಮಗ ಇಬ್ಬರೂ ಮಣ್ಣು ಹೊತ್ತರು. ಡ್ಯಾಂನಿಂದ 1953ರಲ್ಲಿ ನೀರು ಬಿಟ್ಟರು, ನಮ್ಮ ಸೀಮೆಗೆ ಬಂದದ್ದು ಅದರ ನಂತರ. ಅಲ್ಲಿಯ ತನಕ ಹಬ್ಬಕ್ಕೆ ಮಾತ್ರ ಅನ್ನ ಕಂಡಿದ್ದ ಮನೆ ನಮ್ಮದು. ತಟ್ಟೆಯಲ್ಲಿ ಅನ್ನ ಬಿಟ್ಟರೆ ಅಪ್ಪ ಏನೂ ಅನ್ನುತ್ತಿರಲಿಲ್ಲ, ತಾವೇ ತೆಗೆದುಕೊಂಡು ಉಂಡುಬಿಡುತ್ತಿದ್ದರು.

ನನಗೆ 31 ವರ್ಷವಿದ್ದಾಗ ಗಂಡ ಹೋದರು. ಎರಡು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದೆ. ಬಸ್ಸಿಳಿದು ಬಾಗಿಲಲ್ಲಿ ನಿಂತಾಗ ನನ್ನ ಕಾಲು ನಡುಗುತ್ತಿದ್ದವು. ಅಪ್ಪ ಮಗನನ್ನು ಎತ್ತಿಕೊಂಡು "ನಿಮ್ಮವ್ವ ಪುಂಡಿಪಲ್ಯ ಮಾಡ್ಯಾಳ, ಮೊದಲು ಉಣ್ಣವ್ವ" ಅಂದರು. ಎಷ್ಟು ದಿನ ಇರ್ತೀ ಅಂತ ಅವತ್ತೂ ಕೇಳಲಿಲ್ಲ, ಮುಂದೆ ಯಾವತ್ತೂ ಕೇಳಲಿಲ್ಲ. ಆಗ ಅವರು ರಿಟೈರ್ ಆಗಿ ಐದು ವರ್ಷ ಆಗಿತ್ತು. ಮರುದಿನವೇ ಸೈಕಲ್ಲಿನ ಮುಂದಿನ ಕಂಬಿಗೆ ಹಳೇ ಬಟ್ಟೆ ಸುತ್ತಿದರು, ಮೊಮ್ಮಗಳಿಗೆ ಒತ್ತಬಾರದು ಅಂತ. ನಾನು ಹೊಲಿಗೆ ಮಷಿನ್ ಇಟ್ಟುಕೊಂಡೆ. ಮಕ್ಕಳ ಶಾಲೆ, ಜ್ವರ, ಲೆಕ್ಕ, ಬನದ ಹುಣ್ಣಿಮೆಗೆ ಅಂಬಾಮಠದ ಜಾತ್ರೆ, ಸಂಜೆ ಮಂಡಾಳು ಒಗ್ಗರಣೆ, ಎಲ್ಲಾ ತಾತನದೇ. ರಾತ್ರಿ ಮತ್ತೆ ಅದೇ ಬ್ಯಾಟರಿ. ಈಗ ನಾಲ್ಕು ಕಾಲು, ನನ್ನವೂ ಸೇರಿ ಆರು. ಮೂವತ್ತು ದಾಟಿದ ಮಗಳ ಕಾಲಿಗೂ ಅವರು ಕೌದಿ ಎಳೆದರು ಅಂತ ಬರೆಯುವಾಗ ಈಗಲೂ ಕಣ್ಣು ತುಂಬುತ್ತದೆ.

ಒಂದು ಮಾತು. ಬರೀ ಒಳ್ಳೆಯದನ್ನೇ ಹೇಳಬೇಡಿ. ತಮ್ಮ ಜ್ವರ ಏರಿ ಆಸ್ಪತ್ರೆ ಸೇರಿದಾಗ, ಕಾಲುವೆ ಒಡೆದಿದೆ ಅಂತ ಸುದ್ದಿ ಬಂದು ಅಪ್ಪ ಹೋದರು. ಬಂದದ್ದು ಮೂರನೇ ದಿನ. ಅವ್ವ ಅದನ್ನು ಕೊನೆಯವರೆಗೂ ಮರೆಯಲಿಲ್ಲ. ನಾನು ಇದನ್ನೂ ಮಕ್ಕಳಿಗೆ ಹೇಳಿದೆ. ಅವರು ಸುಮ್ನೆ ಕೂತು ಕೇಳಿದರು. ಆಮೇಲೆ ಪ್ರಶ್ನೆ ಕೇಳತೊಡಗಿದ್ದೇ ಆಗ. ಅಲ್ಲಿಯ ತನಕ ತಾತ ಅವರಿಗೆ ಗೋಡೆ ಮೇಲಿನ ಫೋಟೋ ಆಗುತ್ತಿದ್ದರು.

2024ರ ಆಗಸ್ಟ್‌ನಲ್ಲಿ ಡ್ಯಾಂನ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಹೋಯಿತಲ್ಲ, ಆಗ ಅಪ್ಪನಿಗೆ ಎದ್ದು ಓಡಾಡುವ ಶಕ್ತಿ ಇರಲಿಲ್ಲ. ಟಿವಿ ಆರಿಸಲು ಬಿಡಲಿಲ್ಲ. ಒಂದು ವಾರ ಸರಿಯಾಗಿ ಉಣ್ಣಲಿಲ್ಲ. ಬಂದವರನ್ನೆಲ್ಲ "ಕೂಡಿಸಿದ್ರೇನು?" ಅಂತ ಕೇಳುತ್ತಿದ್ದರು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ಗೇಟಿನ ಜಾಗ ಮುಚ್ಚುವ ಉಕ್ಕಿನ ಹಲಗೆ) ಇಳಿಸಿದ್ದನ್ನು ಟಿವಿಯಲ್ಲಿ ತೋರಿಸಿದಾಗ ಕೈ ಎತ್ತಿ ಮುಗಿದರು. ಕೊನೆಭಾಗದವರಿಗೆ ಬೆಳೆ ಸಿಗ್ತದ ಅಂದರು. ಅವತ್ತು ಅರ್ಧ ರೊಟ್ಟಿ ಹಾಲಿನಲ್ಲಿ ಮುರಿದು ಉಂಡರು.

ಮಣ್ಣು ಮಾಡಿದ ದಿನ ಮಾನ್ವಿ ಕಡೆಯಿಂದ ಒಬ್ಬ ಹಿರಿಯರು ಬಂದಿದ್ದರು. ನಮಗೆ ಯಾರಿಗೂ ಗುರುತಿಲ್ಲ. ಕೈಯಲ್ಲಿ ಚೀಲ, ಅದರಲ್ಲಿ ನಾಲ್ಕು ಸೇರು ಅಕ್ಕಿ. ಮಗಳು ನೀರು ಕೊಟ್ಟು ಕೂರಿಸಿದಳು. ಅವರು ಹೇಳಿದ್ದು ಇಷ್ಟು: "ಒಂದು ವರ್ಷ ತೆನೆ ಕಟ್ಟೋ ಹೊತ್ತಿಗೆ ನಮಗ ನೀರು ನಿಂತಿತ್ತು. ನಡುರಾತ್ರಿ ನಿಮ್ಮ ತಾತ ನಮ್ಮ ಹೊಲದ ತನಕ ನಡಕೊಂಡು ಬಂದು, ಬೆಳಗಿನ ಜಾವ ನೀರು ಬರ್ತದ, ಮಲಗಬ್ಯಾಡ್ರಿ ಅಂತ ಎಬ್ಬಿಸಿ ಹೋದ್ರು. ರಾಶಿ ಆದ ಮ್ಯಾಲ ಅಕ್ಕಿ ಒಯ್ದು ಕೊಟ್ರ ಮುಟ್ಟಲಿಲ್ಲ. ಅದನ್ನ ಈಗ ತಂದೀನಿ." ಆ ಅಕ್ಕಿಯನ್ನು ಅವತ್ತಿನ ಅಡುಗೆಗೆ ಹಾಕಿದೆವು. 50 ವರ್ಷಕ್ಕೂ ಹೆಚ್ಚು ಅಪ್ಪನ ಮಗಳಾಗಿದ್ದ ನನಗೆ ಈ ಸಂಗತಿ ಗೊತ್ತೇ ಇರಲಿಲ್ಲ.

ಅದಕ್ಕೇ ನಿಮಗೆ ನನ್ನ ಕೋರಿಕೆ. ಪೂಜೆಗೆ ಇನ್ನೂ ದಿನಗಳಿದ್ದರೆ ನಿಮ್ಮಪ್ಪನ ಜೊತೆ ಕೆಲಸ ಮಾಡಿದವರು, ಅವರ ಅಂಗಡಿಯವರು, ಕಟ್ಟೆಗೆ ಕೂಡುತ್ತಿದ್ದವರು ಯಾರಾದರೂ ಉಳಿದಿದ್ದರೆ ಹೋಗಿ ಮಾತಾಡಿಸಿ. ಮೊಮ್ಮಕ್ಕಳಲ್ಲಿ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರಿಗೂ 80 ದಾಟಿರುತ್ತದೆ, ತಡಮಾಡಬೇಡಿ. ನಿಮ್ಮಪ್ಪ ಏನು ಕೆಲಸ ಮಾಡುತ್ತಿದ್ದರು ಅಂತ ನೀವು ಪ್ರಶ್ನೆಯಲ್ಲಿ ಬರೆದಿಲ್ಲ. ಬಿಡುವಾದಾಗ ಕೆಳಗೆ ಬರೆಯಿರಿ, ನನಗೆ ಓದಬೇಕು ಅನಿಸುತ್ತಿದೆ.