ಗಾಳಿಗೆ ಸೇರಿದ ಇಂಗಾಲ ಎಲ್ಲಿಯದು?

ಪ್ರಶ್ನೆ: ಜ್ವಾಲಾಮುಖಿಯಿಂದಲೂ ಕಾಡ್ಗಿಚ್ಚಿನಿಂದಲೂ ಸಮುದ್ರದಿಂದಲೂ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಹೆಚ್ಚಾಗಿರುವುದು ಮನುಷ್ಯರು ಸುಟ್ಟದ್ದೇ ಎಂದು ಗುರುತಿಸುವುದು ಹೇಗೆ? ಅಣುವಿನ ಮೇಲೆ ಹೆಸರು ಬರೆದಿರುತ್ತದೆಯೇ?
– ಓದುಗರು, ಶಿವಮೊಗ್ಗ

ಉತ್ತರ: ಹೆಚ್ಚುಕಡಿಮೆ ಬರೆದೇ ಇರುತ್ತದೆ. ಪ್ರಕೃತಿಯಲ್ಲಿ ಇಂಗಾಲ ಮೂರು ತೂಕಗಳಲ್ಲಿ ಸಿಗುತ್ತದೆ: 12, 13, 14. ಗಿಡಮರಗಳು ಹಗುರವಾದ 12ನ್ನೇ ತುಸು ಹೆಚ್ಚಾಗಿ ಹೀರುತ್ತವೆ. ಕಲ್ಲಿದ್ದಲು, ಪೆಟ್ರೋಲಿಯಂ ಆಗಿರುವುದು ಪುರಾತನ ಜೀವರಾಶಿಯಿಂದ. ಹಾಗಾಗಿ ಅವುಗಳಲ್ಲೂ 13ರ ಪಾಲು ಕಡಿಮೆ. 14 ವಿಕಿರಣಶೀಲ, ಸುಮಾರು 5,730 ವರ್ಷಕ್ಕೆ ಅರ್ಧದಷ್ಟಾಗುತ್ತದೆ. ಕೋಟ್ಯಂತರ ವರ್ಷ ನೆಲದಡಿ ಇದ್ದ ಇಂಧನದಲ್ಲಿ ಅದು ಉಳಿದಿರುವುದಿಲ್ಲ.

ಈಗ ಒಬ್ಬೊಬ್ಬರನ್ನೇ ವಿಚಾರಿಸೋಣ. ಕಾಡ್ಗಿಚ್ಚಿನ ಹೊಗೆಯಲ್ಲಿ 13 ಕಡಿಮೆ, ಆದರೆ 14 ಇದ್ದೇ ಇರುತ್ತದೆ. ಜ್ವಾಲಾಮುಖಿಯ ಅನಿಲದಲ್ಲಿ 14 ಇಲ್ಲ, ಆದರೆ 13ರ ಪಾಲು ಗಾಳಿಯಲ್ಲಿರುವುದಕ್ಕಿಂತ ಜಾಸ್ತಿ. ಎರಡೂ ಕಡಿಮೆ ಇರುವುದು ಪಳೆಯುಳಿಕೆ ಇಂಧನದಲ್ಲಿ ಮಾತ್ರ. ಗಾಳಿಯಲ್ಲಿ 13ರ ಪಾಲು ಇಳಿಯುತ್ತಲೇ ಇದೆ. 14ರ ಪಾಲೂ ತೆಳುವಾಗುತ್ತಾ ಬಂದದ್ದು 1950ಕ್ಕೆ ಮುಂಚಿನ ಮರದ ಉಂಗುರಗಳಲ್ಲಿ ಆಗಲೇ ಕಾಣುತ್ತದೆ. (ಆಮೇಲಿನ ಅಣುಬಾಂಬ್ ಪರೀಕ್ಷೆಗಳು 14ನ್ನು ಏಕಾಏಕಿ ಏರಿಸಿ ಕೆಲವು ದಶಕ ಲೆಕ್ಕ ಕೆಡಿಸಿದವು.) ಜೊತೆಗೆ ಗಾಳಿಯ ಆಮ್ಲಜನಕ ಅತ್ಯಲ್ಪ ಪ್ರಮಾಣದಲ್ಲಿ ಇಳಿಯುತ್ತಿದೆ. ಏನೋ ಉರಿಯುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಜ್ವಾಲಾಮುಖಿಯ ಅನಿಲ ಹೊರಬರಲು ಆಮ್ಲಜನಕ ಬೇಕಿಲ್ಲ.

ಇದೆಲ್ಲ ಬೇಡವೆಂದರೆ ಬರೀ ಕೂಡು-ಕಳೆ ಸಾಕು. ಇಂಧನ ಮತ್ತು ಸಿಮೆಂಟಿನಿಂದ ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಗಾಳಿಯಲ್ಲಿ 1 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ ಒಂದು ಭಾಗ, ಹೆಚ್ಚಲು ಸುಮಾರು 780 ಕೋಟಿ ಟನ್ ಬೇಕು. ಆ ಲೆಕ್ಕಕ್ಕೆ ವರ್ಷಕ್ಕೆ 4.7 ಪಿಪಿಎಂ ಏರಬೇಕಿತ್ತು. ಏರುತ್ತಿರುವುದು ಸುಮಾರು 2.5. ಉಳಿದದ್ದನ್ನು ಸಮುದ್ರವೂ ಕಾಡುಗಳೂ ನುಂಗುತ್ತಿವೆ. ಅಂದರೆ ಸಮುದ್ರ ಈಗ ಕೊಡುವ ಕಡೆಯಲ್ಲಿಲ್ಲ, ತೆಗೆದುಕೊಳ್ಳುವ ಕಡೆ ಇದೆ. ಜ್ವಾಲಾಮುಖಿಗಳೆಲ್ಲ ಸೇರಿದರೂ ನಮ್ಮ ಶೇ. 1ರಷ್ಟೂ ಆಗುವುದಿಲ್ಲ.

ಪ್ರಶ್ನೆ: 1958ರಿಂದ ಗಾಳಿಯ ಕಾರ್ಬನ್ ಡೈಆಕ್ಸೈಡ್ ಅಳತೆ ನಡೆಯುತ್ತಿರುವ ಮೌನಾ ಲೋವಾ ಬೆಟ್ಟವೇ ಒಂದು ಜ್ವಾಲಾಮುಖಿಯಂತೆ, ಅಲ್ಲವೇ?
– ಓದುಗರು, ಧಾರವಾಡ

ಉತ್ತರ: ಹೌದು, ಹವಾಯಿಯ ಆ ಬೆಟ್ಟ ಜೀವಂತ ಜ್ವಾಲಾಮುಖಿಯೇ. ಬಾಯಿಯ ಕಡೆಯಿಂದ ಗಾಳಿ ಬೀಸಿದಾಗ ಅಳತೆ ದಿಢೀರ್ ಕುಣಿಯುತ್ತದೆ, ಅಂಥ ಗಂಟೆಗಳನ್ನು ಬಿಟ್ಟು ಲೆಕ್ಕ ಹಾಕುತ್ತಾರೆ. ದಕ್ಷಿಣ ಧ್ರುವದ ಅಳತೆಯೂ ಅದೇ ಏರಿಕೆಯನ್ನೇ ತೋರಿಸುತ್ತದೆ.

ಪ್ರಶ್ನೆ: ಬಿಸಿಯಾಗಿರುವುದು ಸೂರ್ಯನಿಂದಲೇ ಏಕಾಗಿರಬಾರದು?
– ಓದುಗರು, ಕಲಬುರಗಿ

ಉತ್ತರ: 1978ರಿಂದ ಉಪಗ್ರಹಗಳು ಬಿಸಿಲನ್ನು ಅಳೆಯುತ್ತಿವೆ. 11 ವರ್ಷದ ಆವರ್ತದಲ್ಲಿ ಅದು ಸಾವಿರಕ್ಕೆ ಒಂದರಷ್ಟು ಏರಿಳಿಯುತ್ತದೆ, ಅಷ್ಟೇ; ಒಟ್ಟಾರೆ ಏರಿಲ್ಲ. ಇನ್ನೂ ಗಟ್ಟಿ ಸುಳಿವು ಮೇಲಿದೆ. ಸೂರ್ಯ ಕಾರಣವಾಗಿದ್ದರೆ ವಾಯುಮಂಡಲದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಕೆಳಗೆ ಬಿಸಿ, ಮೇಲೆ ಸ್ಟ್ರಾಟೋಸ್ಫಿಯರ್ ತಂಪು – ಆಗುತ್ತಿರುವುದು ಇದು. ಕಾರ್ಬನ್ ಡೈಆಕ್ಸೈಡ್ ಹೆಚ್ಚಿದರೆ ಹೀಗಾಗುತ್ತದೆಂದು ಹವಾಮಾನ ವಿಜ್ಞಾನಿಗಳಾದ ಮನಾಬೆ ಮತ್ತು ವೆದರಾಲ್ಡ್ 1967ರಲ್ಲೇ ಲೆಕ್ಕ ಹಾಕಿದ್ದರು. ತಂಪಿನಲ್ಲಿ ಓಜೋನ್ ಸವೆತದ ಪಾಲೂ ಇದೆ, ಆದರೆ ತೀರಾ ಎತ್ತರದಲ್ಲಿ ಮುಖ್ಯ ಕಾರಣ ಕಾರ್ಬನ್ ಡೈಆಕ್ಸೈಡೇ.

ಪ್ರಶ್ನೆ: ಹಿಮಯುಗಗಳ ಕೊನೆಯಲ್ಲಿ ಅಂಟಾರ್ಕ್ಟಿಕಾದಲ್ಲಿ ಮೊದಲು ಬಿಸಿ ಏರಿ, ಆಮೇಲೆ ಕಾರ್ಬನ್ ಡೈಆಕ್ಸೈಡ್ ಏರಿತಂತೆ. ಕಾರಣ-ಪರಿಣಾಮ ತಿರುವುಮುರುವು ಆಗಲಿಲ್ಲವೇ?
– ಓದುಗರು, ಮಂಗಳೂರು

ಉತ್ತರ: ಆಗ ಶುರು ಮಾಡಿದ್ದು ಭೂಮಿಯ ಕಕ್ಷೆ ಮತ್ತು ವಾಲಿಕೆಯ ನಿಧಾನದ ಬದಲಾವಣೆ. ಸಮುದ್ರ ಬೆಚ್ಚಗಾಗಿ ಅನಿಲ ಬಿಟ್ಟಿತು, ಆ ಅನಿಲ ಬಿಸಿಯನ್ನು ಇನ್ನಷ್ಟು ಹೆಚ್ಚಿಸಿತು. ಈಗ ಅನಿಲವೇ ಮುಂದೆ ಹೊರಟಿದೆ. ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದ ಹಳೆಯ ಗಾಳಿಯ ಗುಳ್ಳೆಗಳು ಹೇಳುವ 8 ಲಕ್ಷ ವರ್ಷಗಳಲ್ಲಿ ಅದು ಸುಮಾರು 300 ಪಿಪಿಎಂ ದಾಟಿರಲಿಲ್ಲ. ಈಗ 420 ಮೀರಿದೆ.

ಪ್ರಶ್ನೆ: ಒಂದು ಲೀಟರ್ ಪೆಟ್ರೋಲಿನ ತೂಕವೇ ಮುಕ್ಕಾಲು ಕಿಲೋ. ಅದರಿಂದ 2.3 ಕಿಲೋ ಕಾರ್ಬನ್ ಡೈಆಕ್ಸೈಡ್ ಬರುವುದು ಹೇಗೆ?
– ಓದುಗರು, ತುಮಕೂರು

ಉತ್ತರ: ಹೆಚ್ಚುವರಿ ತೂಕ ಗಾಳಿಯ ಆಮ್ಲಜನಕದ್ದು. ಲೀಟರಿನಲ್ಲಿ ಇಂಗಾಲ ಸುಮಾರು 640 ಗ್ರಾಂ. ಪ್ರತಿ 12 ಗ್ರಾಂ ಇಂಗಾಲಕ್ಕೆ 32 ಗ್ರಾಂ ಆಮ್ಲಜನಕ ಸೇರಿ 44 ಗ್ರಾಂ ಆಗುತ್ತದೆ. 640ನ್ನು 44ರಿಂದ ಗುಣಿಸಿ 12ರಿಂದ ಭಾಗಿಸಿ: 2.3 ಕಿಲೋ. ಡೀಸೆಲ್ ಲೀಟರಿಗೆ ಸುಮಾರು 2.7, 14.2 ಕಿಲೋ ಅಡುಗೆ ಸಿಲಿಂಡರಿಗೆ ಸುಮಾರು 42 ಕಿಲೋ. ನಮ್ಮ ದೇಶದ ಗ್ರಿಡ್ ವಿದ್ಯುತ್ತಿಗೆ ಯೂನಿಟ್‌ಗೆ ಸರಾಸರಿ 0.7 ಕಿಲೋ ಹಿಡಿಯಿರಿ.

ವಾದಗಳಲ್ಲಿ ಎಡವುವುದೂ ಇಲ್ಲೇ. ಒಬ್ಬರು ವರ್ಷಕ್ಕೆ 1,000 ಕೋಟಿ ಟನ್ ಎನ್ನುತ್ತಾರೆ, ಇನ್ನೊಬ್ಬರು 3,700 ಕೋಟಿ ಎನ್ನುತ್ತಾರೆ. ‘ವಿಜ್ಞಾನಿಗಳಿಗೇ ಒಮ್ಮತವಿಲ್ಲ’ ಎಂದು ಮೂರನೆಯವರು ತೀರ್ಪು ಕೊಡುತ್ತಾರೆ. ಮೊದಲನೆಯದು ಬರೀ ಇಂಗಾಲದ ತೂಕ, ಎರಡನೆಯದು ಕಾರ್ಬನ್ ಡೈಆಕ್ಸೈಡಿನದು. ಮೊದಲನೆಯದನ್ನು 3.67ರಿಂದ (44ನ್ನು 12ರಿಂದ ಭಾಗಿಸಿದ್ದು) ಗುಣಿಸಿದರೆ ಎರಡೂ ಒಂದೇ.