ಕ್ವೇಕರ್ ಶಾಲೆಯ ಮೌನಸಭೆಯಲ್ಲಿ ಪುಟ್ಟ ಮಕ್ಕಳು ಕೂರುತ್ತಾರಾ?

ಅಮೆರಿಕದ ಫಿಲಡೆಲ್ಫಿಯಾದ ಕ್ವೇಕರ್ (ಒಂದು ಕ್ರೈಸ್ತ ಪಂಥ) ಶಾಲೆಗೆ, ಒಂದನೇ ಕ್ಲಾಸಿಗೆ ಸೇರುವ ಮಗಳು ವಾರದ ಮೌನಸಭೆಯಲ್ಲಿ, ಅಂದರೆ ಎಲ್ಲರೂ ಒಟ್ಟಿಗೆ ಮೌನವಾಗಿ ಕೂರುವ ಪ್ರಾರ್ಥನಾ ಸಭೆಯಲ್ಲಿ, ಸುಮ್ಮನೆ ಕೂರುತ್ತಾಳಾ ಅಂತ ಕೇಳಿದ್ದೀರಿ. ಕೂರುತ್ತಾಳೆ, ಚಿಂತೆ ಬೇಡ. ಚಿಕ್ಕವರಿಗೆ ಸಾಮಾನ್ಯವಾಗಿ ಹೊತ್ತು ಕಮ್ಮಿ ಇಡುತ್ತಾರೆ.

ಪಾದ್ರಿಯ ಪ್ರವಚನ ಇರುವುದಿಲ್ಲ. ಹೇಳಬೇಕೆನಿಸಿದವರು, ಆರು ವರ್ಷದ ಮಗುವಾದರೂ ಸರಿ, ಎದ್ದು ನಿಂತು ಒಂದೆರಡು ಮಾತು ಹೇಳಿ ಕೂರುತ್ತಾರೆ. ಅದಕ್ಕೆ ಉತ್ತರವಿಲ್ಲ, ಚಪ್ಪಾಳೆಯೂ ಇಲ್ಲ. ಹೊಸ ಮಕ್ಕಳು ಎಡವುವುದು ಇಲ್ಲೇ: ಒಬ್ಬರು ಕೂತ ತಕ್ಷಣ ಇನ್ನೊಬ್ಬರು ಎದ್ದುಬಿಡುತ್ತಾರೆ. ನಡುವೆ ನಾಲ್ಕೈದು ಉಸಿರಿನಷ್ಟು ಬಿಡುವು ಬೇಕು, ಕೇಳಿದ್ದು ಮನಸ್ಸಿಗೆ ಇಳಿಯಬೇಕಲ್ಲ. ಅಕ್ಕಪಕ್ಕದವರ ಕೈಕುಲುಕಿದರೆ ಸಭೆ ಮುಗಿದಂತೆ.

ಮನೆಯಲ್ಲಿ ಊಟಕ್ಕೆ ಮುಂಚೆ 2 ನಿಮಿಷ ಜೊತೆಗೆ ಕೂತು ನೋಡಿ, ವಾರಕ್ಕೊಂದು ನಿಮಿಷ ಏರಿಸಿ. ಕಾಲು ನೆಲಕ್ಕೆ ತಾಗದೆ ಜೋಲಾಡಿದರೆ ಒದ್ದಾಟ ಜಾಸ್ತಿ. ಪಾದದಡಿ ಮಣೆ ಇಡಿ. "ಸುಮ್ನಿರು" ಅಂತ ಮಾತ್ರ ಗದರಬೇಡಿ, ಮೌನವೇ ಶಿಕ್ಷೆಯಾಗಿಬಿಡುತ್ತದೆ.