ಹೆಚ್ಚಿದ ಹಣ್ಣಿಗೆ ಮಜ್ಜಿಗೆ ಚಿಮುಕಿಸಿದರೆ ರೋಗಾಣು ದೂರ ಇರುತ್ತವೆಯೇ?

ನೀವು ಕೇಳಿರುವುದು ಎರಡು ಪ್ರಶ್ನೆ. ಒಳ್ಳೆಯ ಬ್ಯಾಕ್ಟೀರಿಯಾ ಹಾಕಿ ಹಣ್ಣಿನ ಮೇಲಿನ ಕೆಟ್ಟ ಬ್ಯಾಕ್ಟೀರಿಯಾ ತಡೆಯಬಹುದು ಅನ್ನುವುದು ನಿಜವೇ? ನಿಜವಾದರೆ ಆಫೀಸಿನ ಡಬ್ಬಿಗೆ ಹಾಕುವ ಹಣ್ಣಿನ ಹೋಳಿಗೆ ಮನೆಯ ಮಜ್ಜಿಗೆ ಸಾಕೇ? ಮೊದಲನೆಯದಕ್ಕೆ ಹೌದು. ಎರಡನೆಯದನ್ನು ನಾನೇ ಮಾಡಿ ಕೈ ಸುಟ್ಟುಕೊಂಡಿದ್ದೇನೆ.

ಹೆಪ್ಪು ಹಾಕುವುದನ್ನೇ ನೋಡಿ. ಕಾಯಿಸಿ ಆರಿಸಿದ ಹಾಲಿಗೆ ಒಂದು ಚಮಚ ಮೊಸರು ಬಿಟ್ಟರೆ ಅದರಲ್ಲಿರುವ ಬ್ಯಾಕ್ಟೀರಿಯಾ ಮೊದಲು ಊಟಕ್ಕೆ ಕೂತು, ಹಾಲನ್ನು ಹುಳಿ ಮಾಡಿ, ಆಮೇಲೆ ಬಂದವಕ್ಕೆ ಎಲೆಯೇ ಇಲ್ಲದ ಹಾಗೆ ಮಾಡುತ್ತವೆ. ಹಣ್ಣಿನ ಮೇಲೂ ಬಹುಮಟ್ಟಿಗೆ ಇದೇ ಲೆಕ್ಕ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಗೆ. ಆದರೆ ಟವೆಲ್ ಹಾಕುವವರ ಸಂಖ್ಯೆ ಎದುರಾಳಿಗಿಂತ ಬಹಳ ಜಾಸ್ತಿ ಇರಬೇಕು.

ಇದೆಲ್ಲ ಯಾಕೆ ಬೇಕು ಅಂದರೆ, ಸಿಪ್ಪೆ ಮೇಲಿದ್ದ ರೋಗಾಣುವನ್ನು ತಿರುಳಿಗೆ ದಾಟಿಸುವುದು ನಮ್ಮ ಚಾಕು. ಕರಬೂಜದ ಬಲೆಯಂಥ ಒರಟು ಸಿಪ್ಪೆಯಲ್ಲಿ ಅವು ಅವಿತಿದ್ದರೆ ತೊಳೆದರೂ ಪೂರ್ತಿ ಹೋಗುವುದಿಲ್ಲ. ಒಳಗಿನ ತಿರುಳಿನಲ್ಲೋ ಹುಳಿ ಕಡಿಮೆ, ಸಿಹಿ ನೀರು ಬೇಕಾದಷ್ಟು. 2011ರಲ್ಲಿ ಅಮೆರಿಕದ ಕೊಲರಾಡೊದ ಒಂದು ತೋಟದಿಂದ ಹೋದ ಕರಬೂಜದಲ್ಲಿ ಲಿಸ್ಟೀರಿಯಾ ಅನ್ನುವ ರೋಗಾಣು ಸೇರಿಕೊಂಡು 147 ಜನ ಕಾಯಿಲೆ ಬಿದ್ದರು, 33 ಜನ ತೀರಿಕೊಂಡರು. ಈ ಲಿಸ್ಟೀರಿಯಾ ಫ್ರಿಜ್ಜಿನ ತಣ್ಣಗಿನಲ್ಲೂ ಬೆಳೆಯುತ್ತದೆ, ಅದೇ ತಲೆನೋವು.

ಸ್ಪೇನಿನ ಲೇಯ್ದಾದ ಸಂಶೋಧಕರು ಸೇಬಿನಲ್ಲೇ ಸಿಕ್ಕಿದ ಸ್ಯೂಡೋಮೊನಾಸ್ ಗ್ರಾಮಿನಿಸ್ ಅನ್ನುವ ಬ್ಯಾಕ್ಟೀರಿಯಾದ ಒಂದು ತಳಿಯನ್ನು (ಸಿಪಿಎ-7 ಅಂತ ಹೆಸರು) ಹೆಚ್ಚಿದ ಸೇಬು, ಕರಬೂಜದ ಮೇಲೆ ಬಿಟ್ಟು ನೋಡಿದ್ದಾರೆ. ಸಾಲ್ಮೊನೆಲ್ಲಾ (ಹೊಟ್ಟೆ ಕೆಡಿಸುವ ಇನ್ನೊಂದು ರೋಗಾಣು), ಲಿಸ್ಟೀರಿಯಾ ಎರಡರ ಬೆಳವಣಿಗೆಯನ್ನೂ ಅದು ತಗ್ಗಿಸಿತು. ಹಣ್ಣಿನಲ್ಲೇ ಹುಟ್ಟಿ ಬೆಳೆದದ್ದು, ಹಾಗಾಗಿ ಅಲ್ಲಿ ಬದುಕುವುದು ಅದಕ್ಕೆ ಗೊತ್ತು.

ನಿಮ್ಮ ಮಜ್ಜಿಗೆಗೆ ಹತ್ತಿರದ ಪ್ರಯೋಗವನ್ನೂ ಅವರೇ ಮಾಡಿದ್ದಾರೆ. ಪ್ರೋಬಯಾಟಿಕ್ ಅಂತ, ಅಂದರೆ ಹೊಟ್ಟೆಗೆ ಒಳ್ಳೆಯದು ಅಂತ ಮಾರುವ ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್ ಜಿಜಿ ಅನ್ನುವ ಬ್ಯಾಕ್ಟೀರಿಯಾವನ್ನು ಸೇಬಿನ ಹೋಳಿಗೆ ಹಾಕಿದಾಗ ಲಿಸ್ಟೀರಿಯಾ ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯಿತು. ಸಾಲ್ಮೊನೆಲ್ಲಾ ಮಾತ್ರ ಜಗ್ಗಲೇ ಇಲ್ಲ. ಅದೂ ಲ್ಯಾಬಿನಲ್ಲಿ ಎಣಿಸಿ ಹಾಕಿದ ಒಂದೇ ತಳಿ. ನಮ್ಮ ಮನೆ ಮೊಸರಲ್ಲಿ ಯಾರ್ಯಾರಿದ್ದಾರೋ, ಎಷ್ಟಿದ್ದಾರೋ!

ಇನ್ನು ನನ್ನ ಕಥೆ. ಇದನ್ನೆಲ್ಲ ಓದಿದ ಹುರುಪಿನಲ್ಲಿ ಒಂದು ರಾತ್ರಿ ಪರಂಗಿ ಹೆಚ್ಚಿ, ನೀರು ಮಜ್ಜಿಗೆ ಚಿಮುಕಿಸಿ ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ಡಬ್ಬಿ ತೆಗೆದರೆ ತಳದಲ್ಲಿ ಕಿತ್ತಳೆ ಬಣ್ಣದ ನೀರು, ಹೋಳಿನ ಅಂಚೆಲ್ಲ ಲೋಳೆ, ಬಾಯಿಗಿಟ್ಟರೆ ಕಹಿ. ಪರಂಗಿಯಲ್ಲಿರುವ ಪಪೈನ್ ಅನ್ನುವ ಕಿಣ್ವ ಹಾಲಿನ ಪ್ರೋಟೀನನ್ನು ಒಡೆದಾಗ ಕಹಿ ಬರುತ್ತದೆ; ಹಾಕುವ ಮುಂಚೆ ಹೊಳೆಯಲಿಲ್ಲ ಅಷ್ಟೆ. ನಮ್ಮಮ್ಮ ಮೂಸಿ ನೋಡಿ, "ಹಣ್ಣೂ ಹೋಯ್ತು, ಮಜ್ಜಿಗೇನೂ ಹೋಯ್ತು" ಅಂದರು.

ಹಾಗಾಗಿ ಮಜ್ಜಿಗೆ ಬೇಡ. ಹಣ್ಣನ್ನು ಇಡಿಯಾಗಿದ್ದಾಗಲೇ ಹರಿಯುವ ನೀರಲ್ಲಿ ಉಜ್ಜಿ ತೊಳೆದು ಒರೆಸಿ, ಚಾಕು, ಮಣೆ ತೊಳೆದು ಹೆಚ್ಚಿ. ತಕ್ಷಣ ಫ್ರಿಜ್ಜಿಗಿಡಿ, ಹೊರಗೆ ತೆಗೆದರೆ ಎರಡು ಗಂಟೆಯೊಳಗೆ ತಿನ್ನಿ. ನಿಮ್ಮ ಆಫೀಸಿನಲ್ಲಿ ಫ್ರಿಜ್ ಇಲ್ಲದಿದ್ದರೆ ಬಾಳೆಹಣ್ಣು, ಸೀಬೆ, ಕಿತ್ತಳೆ ಹೀಗೆ ಹೆಚ್ಚದೆ ತಿನ್ನುವ ಹಣ್ಣೇ ವಾಸಿ. ನಾನೀಗ ಎರಡು ಸೀಬೆಹಣ್ಣು ಹಾಗೇ ಬ್ಯಾಗಿಗೆ ಹಾಕಿಕೊಂಡು ಹೋಗ್ತೀನಿ.